‘ಪ್ಲೇ ಇಟ್ ಅಗೇನ್, ಸ್ಯಾಮ್’ ನೋಡಿದ ಮೇಲೆ ಮನೆಯಲ್ಲಿ ಮಾತಿಲ್ಲ. ತಪ್ಪು ಅಲನ್‌ದೋ, ಡಿಕ್‌ದೋ?

ಅಡತಿ ಅಂಗಡಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಇದು ಅರ್ಧ ಸಿನಿಮಾ ವಿಷಯ, ಅರ್ಧ ಮನೆ ಜಗಳ. ಕಥೆ ಪೂರ್ತಿ ಬಿಚ್ಚಿಡುತ್ತೇನೆ, ನೋಡಬೇಕು ಅಂತಿರುವವರು ಇಲ್ಲಿಂದಲೇ ವಾಪಸ್ ಹೋಗಿ.

ಶನಿವಾರ ರಾತ್ರಿ ‘ಪ್ಲೇ ಇಟ್ ಅಗೇನ್, ಸ್ಯಾಮ್’ ಹಾಕಿದೆ. 1972ರ ಇಂಗ್ಲಿಷ್ ಸಿನಿಮಾ. ಬರೆದದ್ದು, ಹೀರೊ ಆದದ್ದು ವುಡಿ ಅಲೆನ್. ನಿರ್ದೇಶನ ಮಾತ್ರ ಹರ್ಬರ್ಟ್ ರಾಸ್. ನನಗೆ ಹಳೇ ಸಿನಿಮಾ ಹುಚ್ಚು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಮನೆಯವಳಿಗೆ ಅಷ್ಟಿಲ್ಲ. ‘ಗಂಡ ಹೆಂಡತಿ ಕಾಮಿಡಿ, ನಗು ಬರುತ್ತೆ, ಬಾ’ ಅಂತ ಕರೆದು ಕೂರಿಸಿದೆ. ಅಲ್ಲೇ ಎಡವಿದೆ.

ಅಲನ್ ಅನ್ನುವವನು ಸಿನಿಮಾ ಪತ್ರಿಕೆಗೆ ಬರೆಯುವ ಮನುಷ್ಯ. ಇರುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹೆಂಡತಿ ಬಿಟ್ಟು ಹೋಗಿದ್ದಾಳೆ. ಇವನು ಕೂತು ನೋಡುವ ಜಾತಿ, ಮಾಡುವ ಜಾತಿ ಅಲ್ಲ ಅನ್ನುವುದು ಅವಳ ದೂರು. ಮನೆ ತುಂಬ ಪೋಸ್ಟರ್. ಇವನು ಪೇಚಿಗೆ ಸಿಕ್ಕಾಗೆಲ್ಲ ಹಳೇ ಹಾಲಿವುಡ್ ಹೀರೊ ಹಂಫ್ರಿ ಬೋಗಾರ್ಟ್ ಕೋಟು, ಟೋಪಿ ಹಾಕಿಕೊಂಡು ಇವನ ಕಲ್ಪನೆಯಲ್ಲಿ ಎದುರಿಗೆ ಬಂದು ನಿಲ್ಲುತ್ತಾನೆ. ಹೆಂಗಸರ ಹತ್ತಿರ ಹೇಗೆ ಮಾತಾಡಬೇಕು ಅಂತ ಪಾಠ ಹೇಳುತ್ತಾನೆ. ಬೋಗಾರ್ಟ್ ತೀರಿಹೋಗಿದ್ದು 1957ರಲ್ಲಿ, ಹಾಗಾಗಿ ಇಲ್ಲಿ ಜೆರಿ ಲೇಸಿ ಅನ್ನುವ ನಟ ಆ ವೇಷದಲ್ಲಿದ್ದಾನೆ.

ಇವನಿಗೆ ಇಬ್ಬರು ಗೆಳೆಯರು, ಡಿಕ್ ಮತ್ತು ಲಿಂಡಾ, ಗಂಡ ಹೆಂಡತಿ. ಇವನಿಗೊಂದು ಹುಡುಗಿ ಹುಡುಕಿ ಕೊಡೋಣ ಅಂತ ಓಡಾಡುತ್ತಾರೆ. ಡಿಕ್ ವ್ಯಾಪಾರಸ್ಥ. ಯಾರ ಮನೆಗೆ ಹೋದರೂ ಮೊದಲ ಕೆಲಸ ಆಫೀಸಿಗೆ ಫೋನ್. ಇಷ್ಟು ಹೊತ್ತಿನವರೆಗೆ ಈ ನಂಬರಿನಲ್ಲಿ ಸಿಗುತ್ತೇನೆ, ಆಮೇಲೆ ಆ ನಂಬರಿನಲ್ಲಿ ಅಂತ ಒಪ್ಪಿಸುತ್ತಾನೆ. ಹೆಂಡತಿ ಪಕ್ಕದಲ್ಲೇ ಕೂತಿರುತ್ತಾಳೆ. ಅಲನ್‌ಗೂ ಲಿಂಡಾಗೂ ಮಾತು ಕೂಡುತ್ತದೆ. ಡಿಕ್ ಊರಲ್ಲಿ ಇಲ್ಲದಾಗ ಒಂದು ರಾತ್ರಿ ಅದು ಮಾತಿಗಿಂತ ಮುಂದೆ ಹೋಗುತ್ತದೆ. ಕೊನೆಗೆ ವಿಮಾನ ನಿಲ್ದಾಣ, ಮಂಜು. ಅಲನ್ ಅವಳನ್ನು ಗಂಡನ ಜೊತೆಗೇ ಕಳಿಸುತ್ತಾನೆ, ಥೇಟ್ ‘ಕ್ಯಾಸಬ್ಲಾಂಕಾ’ದಲ್ಲಿ ಬೋಗಾರ್ಟ್ ಮಾಡಿದ ಹಾಗೆ, ಅದೇ ಮಾತುಗಳಲ್ಲಿ.

ಮುಗಿದ ಮೇಲೆ ನಾನು ‘ಪಾಪ ಅಲನ್, ಥೇಟ್ ನನ್ನ ಹಾಗೆ’ ಅಂದೆ. ಅವಳು ಹೊರಳಿ ನೋಡಿ, ‘ರೀ, ನೀವು ಅಲನ್ ಅಲ್ಲ, ಡಿಕ್’ ಅಂದಳು. ಅದೇ ಹೊತ್ತಿಗೆ ನನ್ನ ಫೋನ್ ಬಂತು. ಸೇಡಂ ಪಾರ್ಟಿ, ತೊಗರಿ ರೇಟು ಕೇಳಲಿಕ್ಕೆ. ನಾನು ಎತ್ತಿದೆ.

ಇವತ್ತು ಸೋಮವಾರ. ಊಟ ಇದೆ, ಮಾತಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜಾಸ್ತಿಯಾಗಿದೆ.

ಈಗ ಹೇಳಿ. ಮೋಸ ಮಾಡಿದ್ದು ಅಲನ್ ತಾನೆ? ಗೆಳೆಯನ ಹೆಂಡತಿ! ಡಿಕ್ ಏನು ಮಾಡಿದ? ದುಡಿದ, ಅಷ್ಟೇ ಅಲ್ವಾ?

ಶಹಾಪುರ ಎಕ್ಸ್‌ಪ್ರೆಸ್

ಸೇಡಂ ಫೋನ್ ಬಂದಾಗ ಗಂಟೆ ಎಷ್ಟು ಅಣ್ಣಾ?

ಅಡತಿ ಅಂಗಡಿ, ಕಲಬುರಗಿ

ಹನ್ನೊಂದೂವರೆ.

ಶಹಾಪುರ ಎಕ್ಸ್‌ಪ್ರೆಸ್

ಆಯ್ತು. ಕೇಸ್ ಮುಗೀತು. ಡಿಕ್.

ನಿವೃತ್ತ ಮಾಸ್ತರ, ಯಾದಗಿರಿ

ಮೊದಲು ಒಂದು ತಿದ್ದುಪಡಿ. ಸಿನಿಮಾ ಹೆಸರಿನಲ್ಲಿರುವ ಆ ಮಾತು ‘ಕ್ಯಾಸಬ್ಲಾಂಕಾ’ದಲ್ಲಿ ಎಲ್ಲೂ ಇಲ್ಲ. ಜಗತ್ತೆಲ್ಲ ಇದೆ ಅಂತ ನಂಬಿಕೊಂಡಿದೆ. ಅಲ್ಲಿ ಇಂಗ್ರಿಡ್ ಬರ್ಗ್‌ಮನ್ ಪಿಯಾನೊ ಹತ್ತಿರ ಬಂದು ಆ ಹಾಡು ನುಡಿಸು ಸ್ಯಾಮ್ ಅನ್ನುತ್ತಾಳೆ, ಅಷ್ಟೇ. ‘ಇನ್ನೊಮ್ಮೆ’ ಅನ್ನುವುದು ನೋಡಿದವರು ಸೇರಿಸಿಕೊಂಡದ್ದು. ಹಳೇ ಸಿನಿಮಾ ಪ್ರೀತಿಸುವವರ ಲಕ್ಷಣವೇ ಇದು. ಕಂಡದ್ದಕ್ಕಿಂತ ಜಾಸ್ತಿ ನೆನಪಿರುತ್ತದೆ. ಸ್ಯಾಮ್ ಪಾತ್ರದ ಡೂಲಿ ವಿಲ್ಸನ್‌ಗೆ ಪಿಯಾನೊ ಬರುತ್ತಿರಲಿಲ್ಲ, ಆತ ಡ್ರಮ್ ಬಾರಿಸುವವನು. ಕೈ ಆಡಿಸಿದ್ದು ಅವನು, ನುಡಿಸಿದ್ದು ಬೇರೆಯವರು.

ಇನ್ನು ನಿಮ್ಮ ಪ್ರಶ್ನೆ. ‘ಕ್ಯಾಸಬ್ಲಾಂಕಾ’ 1942ರದ್ದು. ಆಗ ಹಾಲಿವುಡ್ಡಿನಲ್ಲಿ ಒಂದು ನೀತಿ ಸಂಹಿತೆ ಇತ್ತು. ಮದುವೆಯಾದ ಹೆಂಗಸು ಗಂಡನನ್ನು ಬಿಟ್ಟು ಪ್ರಿಯಕರನ ಜೊತೆ ಹೋಗಿ ಸುಖವಾಗಿರುವುದನ್ನು ತೋರಿಸುವ ಹಾಗಿರಲಿಲ್ಲ. ಬರ್ಗ್‌ಮನ್ ಪಾತ್ರದವಳು ಪ್ಯಾರಿಸ್ಸಿನಲ್ಲಿ ರಿಕ್‌ನನ್ನು, ಅಂದರೆ ಬೋಗಾರ್ಟ್ ಪಾತ್ರವನ್ನು, ಪ್ರೀತಿಸಿದಾಗ ಗಂಡ ಸತ್ತಿದ್ದಾನೆ ಅಂದುಕೊಂಡಿದ್ದಳು. ಹಾಗೆ ಒಂದು ಗಂಟು ಹಾಕಿಯೇ ಕಥೆ ಹೆಣೆದಿದ್ದಾರೆ. ಆದ್ದರಿಂದ ರಿಕ್‌ನ ತ್ಯಾಗದಲ್ಲಿ ಅರ್ಧ ಪಾಲು ಸೆನ್ಸಾರಿನವರದ್ದು ಅಂತ ನಾನು ತಮಾಷೆ ಮಾಡುವುದುಂಟು.

1955ರಲ್ಲಿ ಬಿಲ್ಲಿ ವೈಲ್ಡರ್ ‘ದಿ ಸೆವೆನ್ ಇಯರ್ ಇಚ್’ ಮಾಡಿದರು. ಅದರ ಮೂಲ ನಾಟಕದಲ್ಲಿ ಗಂಡ ನಿಜವಾಗಿಯೇ ಜಾರುತ್ತಾನೆ. ಸಿನಿಮಾಕ್ಕೆ ಬಂದಾಗ ಬರೀ ಕನಸು ಕಾಣುತ್ತಾನೆ. ಮರ್ಲಿನ್ ಮನ್ರೊ ಮೇಲಿನ ಮನೆಯಲ್ಲೇ ಇದ್ದರೂ! ಆ ಸಂಹಿತೆ 1968ರಲ್ಲಿ ಹೋಯಿತು. ನಾಲ್ಕೇ ವರ್ಷಕ್ಕೆ ಅಲನ್, ಲಿಂಡಾ ಒಂದು ರಾತ್ರಿ ಕಳೆದರು. ಈಗ ತಡೆಯುವವರು ಯಾರೂ ಇಲ್ಲ. ಆದರೂ ಲಿಂಡಾ ಗಂಡನ ಹತ್ತಿರ ವಾಪಸ್ ಹೋಗುತ್ತಾಳೆ. ನನಗೆ ಕುತೂಹಲ ಇರುವುದು ಅಲ್ಲಿ.

ಹಾಸ್ಟೆಲ್ ಹುಡುಗಿ

ನಾನು ನಿನ್ನೆ ರಾತ್ರಿ ಇದನ್ನು ಓದಿ ಅದೇ ಸಿನಿಮಾ ನೋಡಿದೆ. ನಾಲ್ಕು ಜನ ಒಂದೇ ಲ್ಯಾಪ್‌ಟಾಪಿನಲ್ಲಿ. ನನಗೆ ಸಿಟ್ಟು ಬಂತು. ಬಲಾತ್ಕಾರದ ಬಗ್ಗೆ ನಗಿಸಲು ನೋಡುವ ಮಾತುಗಳಿವೆ. 1972 ಅಂತ ನಾನೇನೂ ಬಿಟ್ಟುಬಿಡುವುದಿಲ್ಲ.

ಆದರೆ ಒಂದು ಸೀನ್‌ಗೆ ನಾವು ನಾಲ್ಕೂ ಜನ ಉಸಿರು ಕಟ್ಟುವಷ್ಟು ನಕ್ಕೆವು. ಹುಡುಗಿ ಮೊದಲ ಸಲ ಮನೆಗೆ ಬಂದಿದ್ದಾಳೆ. ಅಲನ್‌ಗೆ ಸ್ಟೈಲಾಗಿ ಕಾಣಬೇಕು. ಗ್ರಾಮಫೋನ್ ತಟ್ಟೆಯ ಕವರು ಕೈಯಲ್ಲಿ ಹಿಡಿದು ಮಾತಾಡುತ್ತಾ ತೋಳು ಬೀಸುತ್ತಾನೆ. ಕವರಿನೊಳಗಿಂದ ತಟ್ಟೆ ಜಾರಿ ಕೋಣೆಯ ಆ ಕಡೆಗೆ ಹಾರಿ ಬೀಳುತ್ತದೆ. ಅವನ ಮುಖದಲ್ಲಿ ಮಾತ್ರ ಏನೂ ಆಗಿಲ್ಲ. ನಮ್ಮ ಕಾಲೇಜಿನ ಒಬ್ಬನನ್ನು ನೆನೆಸಿಕೊಂಡು ಇನ್ನೂ ನಗು ಬರುತ್ತಿದೆ.

ಮಾಸ್ತರ ಸರ್, ನಿಮ್ಮ ಕುತೂಹಲಕ್ಕೆ ನನ್ನ ಉತ್ತರ. ಅಡತಿ ಅಣ್ಣ ‘ಅಲನ್ ಅವಳನ್ನು ಕಳಿಸುತ್ತಾನೆ’ ಅಂತ ಬರೆದಿದ್ದಾರೆ. ತಪ್ಪು. ಇನ್ನೊಂದು ಸಲ ನೋಡಿ. ಅವನು ಆ ದೊಡ್ಡ ಭಾಷಣ ಶುರು ಮಾಡುವ ಮೊದಲೇ ಲಿಂಡಾ ತೀರ್ಮಾನ ಮಾಡಿ ಬಂದಿದ್ದಾಳೆ. ಗಂಡನಿಗೆ ನಾನು ಬೇಕು, ನನಗೂ ಅವನು ಬೇಕು ಅಂತ ಅವಳೇ ಹೇಳುತ್ತಾಳೆ. ‘ಕ್ಯಾಸಬ್ಲಾಂಕಾ’ದಲ್ಲಿ ಇಬ್ಬರ ಪರವಾಗಿ ನೀನೇ ಯೋಚನೆ ಮಾಡು ಅಂತ ಅವಳು ರಿಕ್‌ಗೆ ಬಿಟ್ಟುಬಿಡುತ್ತಾಳೆ. ಇಲ್ಲಿ ಯೋಚನೆ ಮಾಡಿದವಳು ಅವಳು, ಡೈಲಾಗ್ ಹೊಡೆದವನು ಇವನು. ಸಿನಿಮಾದ ಅಸಲಿ ಜೋಕು ಅದೇ. ನಿಮ್ಮ ಗಂಡಸರ ಕಣ್ಣಿಗೆ ಮಾತ್ರ ಅದು ತ್ಯಾಗವಾಗಿ ಕಾಣುತ್ತದೆ.

ಅಡತಿ ಅಂಗಡಿ, ಕಲಬುರಗಿ

ತಂಗಿ, ನೀನು ಹೇಳಿದ ಮೇಲೆ ಹಿಂದಕ್ಕೆ ಹೋಗಿ ನೋಡಿದೆ. ಹೌದು. ನಾನು ಅಷ್ಟು ಹೊತ್ತು ಬಾಯಲ್ಲಿ ಡೈಲಾಗ್ ಹೇಳಿಕೊಳ್ಳುತ್ತಾ ಕೂತಿದ್ದೆ ಅನಿಸುತ್ತೆ.

ಶಹಾಪುರ ಎಕ್ಸ್‌ಪ್ರೆಸ್

ನಮ್ಮ ಕಡೆ ಇಂಥ ತ್ಯಾಗ ಮಾಡಲಿಕ್ಕೆ ಜಾಗವಾದರೂ ಎಲ್ಲಿತ್ತು? ಕಲಬುರಗಿಗೆ ವಿಮಾನ ಬಂದದ್ದೇ 2019ರ ನವೆಂಬರಿನಲ್ಲಿ. ಅಲ್ಲಿವರೆಗೆ ಪ್ರೇಯಸಿಯನ್ನು ಬಿಟ್ಟುಕೊಡುವುದಾದರೆ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟುಕೊಡಬೇಕಿತ್ತು. ‘ಈ ಬಸ್ಸು ಹತ್ತದಿದ್ದರೆ ಮುಂದೊಂದು ದಿನ ನೀನು ಪಶ್ಚಾತ್ತಾಪ ಪಡ್ತೀ’ ಅನ್ನುವಷ್ಟರಲ್ಲಿ ಕಂಡಕ್ಟರು ‘ಜೇವರ್ಗಿ, ಜೇವರ್ಗಿ, ಒಳಗ ನಡೀರಿ’ ಅಂತ ಕೂಗುತ್ತಾನೆ. ಮಂಜಿನ ಬದಲು ಧೂಳು.

ದರ್ಗಾ ರೋಡ್, ಕಲಬುರಗಿ

ಎಕ್ಸ್‌ಪ್ರೆಸ್ ಭೈಯಾ, ಚಹಾ ಮೂಗಿಗೆ ಹೋಯಿತು.

ನಾನು ಹಿಂದಿ ಸಿನಿಮಾ ಕಡೆಯವನು. ಗಂಡ ಜಾರುವ ಕಾಮಿಡಿ ಅಂದರೆ ನಮಗೆ ‘ಪತಿ ಪತ್ನಿ ಔರ್ ವೋ’, 1978, ಬಿ.ಆರ್. ಚೋಪ್ರಾ. ಸಂಜೀವ್ ಕುಮಾರ್ ತನ್ನ ಸೆಕ್ರೆಟರಿ ರಂಜೀತಾಳ ಎದುರು ಹೆಂಡತಿಗೆ ವಾಸಿಯಾಗದ ಕಾಯಿಲೆ ಅಂತ ಮುಖ ಸಣ್ಣ ಮಾಡಿಕೊಂಡು ಕರುಣೆ ಗಿಟ್ಟಿಸುತ್ತಾನೆ. ಹೆಂಡತಿ ವಿದ್ಯಾ ಸಿನ್ಹಾ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾಳೆ! ಅವಳು ಪತ್ತೇದಾರಿ ಮಾಡಿ ಹಿಡಿಯುತ್ತಾಳೆ. ಕ್ಷಮೆ, ಕಣ್ಣೀರು ಎಲ್ಲ ಆಗುತ್ತದೆ. ಕೊನೆಯಲ್ಲಿ ಹೊಸ ಸೆಕ್ರೆಟರಿಯಾಗಿ ಪರ್ವೀನ್ ಬಾಬಿ ಬರುತ್ತಾಳೆ, ಇವನ ಕಣ್ಣು ಮತ್ತೆ ಅರಳುತ್ತದೆ. ಥಿಯೇಟರ್ ನಗುತ್ತದೆ. ಗಂಡಸು ಜಾರಿದರೆ ಅದು ಚಪಲ, ಮುಂದಿನ ವಾರ ಮತ್ತೆ ಜಾರುತ್ತಾನೆ ಅಂತ ನಗಬೇಕು. ನಮ್ಮ ಅಮ್ಮಿ ಮಾತ್ರ ಆ ಕೊನೆ ಸೀನಿಗೆ ಯಾವತ್ತೂ ನಗಲಿಲ್ಲ. ಅಷ್ಟೊತ್ತಿಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಹೆಂಗಸು ಜಾರುವ ಕಾಮಿಡಿ ಯಾವುದಿದೆ ಹೇಳಿ? ನನಗೆ ಹಿಂದಿಯಲ್ಲಿ ಥಟ್ ಅಂತ ಒಂದೂ ನೆನಪಾಗುತ್ತಿಲ್ಲ.

ಬಿದರಿ ಹೂಜಿ, ಬೀದರ್

ಕನ್ನಡದಲ್ಲೂ ಅಷ್ಟೇ. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಬಂತು. ಹೆಂಗಸಿನ ಆಸೆ ಬಗ್ಗೆ ಅಷ್ಟು ಧೈರ್ಯವಾಗಿ ಮಾತಾಡಿದ್ದು ದೊಡ್ಡದೇ. ಆದರೆ ಕಥೆ ದುರಂತದಲ್ಲೇ ಮುಗಿಯಬೇಕು. ಅದಕ್ಕೆ ಎರಡು ವರ್ಷ ಮೊದಲು ‘ಶರಪಂಜರ’. ಕಾವೇರಿಯ ಹಳೆಯದೊಂದು ಗಾಯವನ್ನು ಗಂಡ ಕೆದಕುತ್ತಾನೆ, ಸಂಶಯ ಪಡುತ್ತಾನೆ. ಅತ್ತ ಆಫೀಸಿನಲ್ಲಿ ತಾನೇ ಇನ್ನೊಬ್ಬಳ ಜೊತೆ ಇರುತ್ತಾನೆ! ಹುಚ್ಚಾಸ್ಪತ್ರೆಗೆ ಹೋದವಳು ಕಾವೇರಿ. ಆ ಸಿನಿಮಾ ನೋಡಿದಾಗ ನನಗೆ ಹತ್ತೊಂಬತ್ತು ವರ್ಷ. ಕಲ್ಪನಾ ಅತ್ತದ್ದಕ್ಕಿಂತ ಆ ಗಂಡ ಇಸ್ತ್ರಿ ಮಾಡಿದ ಅಂಗಿಯಲ್ಲಿ ಆರಾಮಾಗಿ ಓಡಾಡಿದ್ದು ನನಗೆ ಮರೆತಿಲ್ಲ.

ಈಗ ನನ್ನದೇ ಒಂದು ಹೇಳುತ್ತೇನೆ. ನಗಬೇಡಿ, ನಕ್ಕರೂ ಪರವಾಗಿಲ್ಲ.

ನಮ್ಮವರು ಸರ್ಕಾರಿ ಕಚೇರಿ. ನಮ್ಮ ಕಡೆ ಬೇಸಿಗೆಯಲ್ಲಿ ಕಚೇರಿ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ ಅಂತ ನಿಮಗೆ ಗೊತ್ತು. ಹದಿನೈದು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳಲ್ಲಿ ಇವರು ಮನೆಗೆ ಆರು ಗಂಟೆಗೆ ಬರಲು ಶುರು ಮಾಡಿದರು. ಆಡಿಟ್ ಅಂದರು. ಸರಿ ಅಂತ ಊಟ ಮುಚ್ಚಿಟ್ಟೆ. ಒಂದು ದಿನ ಅಂಗಿ ನೆನೆಹಾಕುವ ಮೊದಲು ಕಿಸೆ ನೋಡಿದೆ. ಎರಡು ಟಿಕೆಟ್ ಚೂರು. ಬಾಲ್ಕನಿ. ಮ್ಯಾಟಿನಿ. ಸೀಟು ಅಕ್ಕಪಕ್ಕ.

ಆ ಗುಲಾಬಿ ಕಾಗದ ನನ್ನ ಕೈಯಲ್ಲಿ ಒದ್ದೆಯಾಗಿ ಬಣ್ಣ ಬಿಟ್ಟಿತು. ಒಂದರಲ್ಲಿ 14, ಇನ್ನೊಂದರಲ್ಲಿ 15. ನಾನು ಅವನ್ನು ಬಿಸಿಲಿಗೆ ಒಣಗಿಸಿ ಸಾಸಿವೆ ಡಬ್ಬಿಯಲ್ಲಿ ಇಟ್ಟೆ. ಸಾಕ್ಷಿ ಬೇಕಲ್ಲ! ನಾಲ್ಕು ದಿನ ಬಾಯಿ ಬಿಡಲಿಲ್ಲ. 15ನೇ ಸೀಟಿನಲ್ಲಿ ಕೂತವಳು ಹೇಗಿರಬಹುದು ಅಂತ ಯೋಚನೆ ಮಾಡಿ ಮಾಡಿ ಅವಳಿಗೆ ಸೀರೆ ಬಣ್ಣ ಕೂಡ ಕೊಟ್ಟಿದ್ದೆ. ಗಿಣಿ ಹಸಿರು.

ಐದನೇ ದಿನ ಡಬ್ಬಿ ತೆಗೆದು ಊಟದ ತಾಟಿನ ಪಕ್ಕ ಇಟ್ಟೆ. ಅವರ ಮುಖ ನೋಡಬೇಕಿತ್ತು. 15ರಲ್ಲಿ ಕೂತಿದ್ದದ್ದು ಅವರ ಹೈಸ್ಕೂಲ್ ಗೆಳೆಯ. ಪಾಪ, ಹಿಂದಿನ ವರ್ಷ ಹೆಂಡತಿ ತೀರಿಕೊಂಡಿದ್ದರು. ಥಿಯೇಟರಿನಲ್ಲಿ ರಾಜ್‌ಕುಮಾರ್ ಹಳೇ ಸಿನಿಮಾಗಳನ್ನು ವಾರಕ್ಕೊಂದರಂತೆ ಹಾಕಿದ್ದರಂತೆ. ಇಬ್ಬರೂ ವಾರ ತಪ್ಪದೆ ಹೋಗುತ್ತಿದ್ದರು. ನನಗೆ ಯಾಕೆ ಹೇಳಲಿಲ್ಲ ಅಂದರೆ, ‘ಈ ವಯಸ್ಸಿನಲ್ಲಿ ಸಿನಿಮಾ ಅಂದರೆ ನೀನು ನಗ್ತೀ ಅಂತ’.

ನಿಜ ಹೇಳಲಾ? ಸಮಾಧಾನ ಆಗಲಿಲ್ಲ. ಸಿಟ್ಟು ಇನ್ನೂ ಏರಿತು. ಗಿಣಿ ಹಸಿರು ಸೀರೆಯವಳು ಇದ್ದಿದ್ದರೆ ಹೋಗಿ ಜಗಳ ಮಾಡಿ ಬರಬಹುದಿತ್ತು. ರಾಜ್‌ಕುಮಾರ್ ಜೊತೆ ಏನಂತ ಜಗಳ ಮಾಡಲಿ? ನನಗೂ ಆ ಸಿನಿಮಾಗಳು ಇಷ್ಟ ಅನ್ನುವುದು ಇವರಿಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಕೇಳಿಯೇ ಇರಲಿಲ್ಲ.

ಅಡತಿಯವರೇ, ನಿಮ್ಮ ಮನೆಯವರು ಡಿಕ್ ಅಂದರಲ್ಲ, ಅದು ಫೋನಿಗೆ ಮಾತ್ರ ಅಂದದ್ದಲ್ಲ ಅಂತ ನನ್ನ ಅನುಮಾನ. ಹಳೇ ಸಿನಿಮಾ ಹುಚ್ಚು ನನಗೆ, ಅವಳಿಗೆ ಅಷ್ಟಿಲ್ಲ ಅಂತ ನೀವೇ ಬರೆದಿದ್ದೀರಿ. ಕೇಳಿದ್ದೀರಾ?

ಹಾಸ್ಟೆಲ್ ಹುಡುಗಿ

ಅಕ್ಕಾ, ಸಾಸಿವೆ ಡಬ್ಬಿ. ನಮಸ್ಕಾರ ನಿಮಗೆ.

ಶಹಾಪುರ ಎಕ್ಸ್‌ಪ್ರೆಸ್

ಇನ್ನು ಮೇಲೆ ಟಿಕೆಟ್ ಎಲ್ಲ ಫೋನಿನಲ್ಲೇ ತಗೋತೀನಿ. ಅಂಗಿ ಕಿಸೆ ನಂಬಬಾರದು.

ದರ್ಗಾ ರೋಡ್, ಕಲಬುರಗಿ

ಫೋನು ಮಾತ್ರ ನಂಬಬಹುದಾ ಭೈಯಾ?

ನಿವೃತ್ತ ಮಾಸ್ತರ, ಯಾದಗಿರಿ

ಬೀದರಿನ ತಾಯಿ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆಗ ಯಾದಗಿರಿಯೂ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. 1975ರ ಆಗಸ್ಟಿನಲ್ಲಿ ನಮ್ಮ ಕಡೆ ಹಳ್ಳಿಗಳಿಗೆ ಟಿವಿ ಬಂತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ, ನೆನಪಿಡಿ. ಉಪಗ್ರಹದಿಂದ ನೇರ ಹಳ್ಳಿಗೆ ಕಾರ್ಯಕ್ರಮ ಬರುವ ಸೈಟ್ ಪ್ರಯೋಗ ಅದು. ದೇಶದ 6 ರಾಜ್ಯಗಳ 2400 ಹಳ್ಳಿ. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ. ಒಂದೇ ವರ್ಷ ನಡೆಯಿತು. ತೋರಿಸುತ್ತಿದ್ದದ್ದು ಹೆಚ್ಚಾಗಿ ಒಕ್ಕಲುತನ, ಆರೋಗ್ಯ. ಆದರೂ ಸಂಜೆ ಊರೆಲ್ಲ ಅಲ್ಲೇ ಸೇರುತ್ತಿತ್ತು. ಗಂಡಸರು ಈ ಕಡೆ, ಹೆಂಗಸರು ಆ ಕಡೆ. ನನಗೆ ಆಗಷ್ಟೇ ಮದುವೆಯಾಗಿತ್ತು. ಟೂರಿಂಗ್ ಟಾಕೀಸಿನಲ್ಲೂ ಹಾಗೇ, ನಡುವೆ ಗೋಡೆ. ಮದುವೆಯಾಗಿ ಎಷ್ಟೋ ವರ್ಷ ನಾವಿಬ್ಬರೂ ಒಂದೇ ಸಿನಿಮಾ ನೋಡಿ ಬಂದೆವು, ಪಕ್ಕ ಪಕ್ಕ ಕೂತು ನೋಡಲಿಲ್ಲ. ಅವಳು ಎಲ್ಲಿ ನಕ್ಕಳು, ಎಲ್ಲಿ ಅತ್ತಳು ನನಗೆ ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ‘ಹೇಗಿತ್ತು’ ಅಂತ ಕೇಳಿದರೆ ‘ಛಲೋ ಇತ್ತು’ ಅನ್ನುತ್ತಿದ್ದಳು, ಅಷ್ಟೇ. ನಾನೂ ಅಷ್ಟಕ್ಕೇ ಬಿಡುತ್ತಿದ್ದೆ.

ಅಡತಿ ಅಂಗಡಿ, ಕಲಬುರಗಿ

ಅಕ್ಕಾ, ಕೇಳಿಲ್ಲ. ಒಪ್ಪಿಕೊಂಡೆ.

ಆದರೆ ನನ್ನ ಇನ್ನೊಂದು ಪ್ರಶ್ನೆಗೆ ಯಾರೂ ಬರಲಿಲ್ಲ. ಅಲನ್ ಕೊನೆಗೆ ಒಳ್ಳೆಯವನಾಗಿದ್ದು ಸಿನಿಮಾ ನೋಡಿ. ಆ ಮಾತು ಹೇಳಬೇಕು ಅಂತ ಜೀವನ ಪೂರ್ತಿ ಕಾದಿದ್ದೆ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಅಂದರೆ ಅವನ ಒಳ್ಳೆಯತನ ಕಾಪಿ. ಕಾಪಿ ಆದರೆ ಬೆಲೆ ಇಲ್ವಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಅದೇ 1972ರಲ್ಲಿ ಇಲ್ಲಿ ‘ಬಂಗಾರದ ಮನುಷ್ಯ’ ಬಂತು. ಅಲ್ಲಿ ಅಲನ್ ಬೋಗಾರ್ಟನ್ನು ನೋಡಿ ಗೆಳೆಯನಿಗೆ ಹೆಂಡತಿಯನ್ನು ಬಿಟ್ಟುಕೊಟ್ಟರೆ, ಇಲ್ಲಿ ರಾಜೀವನನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ವಾಪಸ್ ಹೋಗಿ ನೇಗಿಲು ಹಿಡಿದವರಿದ್ದಾರೆ ಅಂತ ಇವತ್ತಿಗೂ ಹೇಳುತ್ತಾರೆ. ನಮ್ಮ ದೊಡ್ಡಪ್ಪನೇ ಒಬ್ಬರು. ಸೋಲಾಪುರದ ಮಿಲ್ ಕೆಲಸ ಬಿಟ್ಟು ಬಂದು ಭಾವಿ ತೋಡಿಸಿದರು. ಮೊದಲ ಭಾವಿಗೆ ನೀರು ಬೀಳಲಿಲ್ಲ. ಎರಡನೆಯದಕ್ಕೆ ಬಿತ್ತು. ಅದು ಕಾಪಿ ನೀರಾ?

ಹಾಸ್ಟೆಲ್ ಹುಡುಗಿ

ದೊಡ್ಡಪ್ಪ ಭಾವಿ ತೋಡಿದರು ಅಣ್ಣಾ. ಅಲನ್ ಡೈಲಾಗ್ ಹೇಳಿದ. ವ್ಯತ್ಯಾಸ ಇದೆ.

ನಿವೃತ್ತ ಮಾಸ್ತರ, ಯಾದಗಿರಿ

ಇಷ್ಟು ವರ್ಷ ಮಕ್ಕಳಿಗೆ ಕಾಪಿ ಬರೆಸಿದವನು ನಾನು, ಇದಕ್ಕೆ ನನ್ನ ಹತ್ತಿರ ಮಾತಿದೆ.

ಕಾಪಿ ಪುಸ್ತಕದ ಮೇಲಿನ ಸಾಲಿನಲ್ಲಿ ಅಚ್ಚಿನ ಅಕ್ಷರ ಇರುತ್ತದೆ. ಮಗು ಅದನ್ನು ನೋಡಿ ಎರಡನೇ ಸಾಲು ಬರೆಯುತ್ತದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೇಲೆ ನೋಡುವುದಿಲ್ಲ. ತಾನೇ ಬರೆದ ಎರಡನೇ ಸಾಲು ನೋಡಿ ಬರೆಯುತ್ತದೆ. ಪುಟದ ಕೊನೆಗೆ ಹೋದರೆ ‘ಳ’ ಅಕ್ಷರಕ್ಕೆ ಒಂದು ಬಾಲ ಬಂದಿರುತ್ತದೆ, ಅದು ಅಚ್ಚಿನಲ್ಲಿ ಇರಲಿಲ್ಲ. ಸಾವಿರ ಪುಸ್ತಕದಲ್ಲೂ ಆ ಬಾಲ ನೋಡಿ ಯಾರದ್ದು ಅಂತ ಹೇಳುತ್ತಿದ್ದೆ. ಅಲನ್ ಕೂಡ ಕೊನೆ ಸಾಲಿಗೆ ಬಂದಿದ್ದಾನೆ. ಇನ್ನು ನಿನಗೆ ನಾನು ಬೇಡ ಅಂತ ಬೋಗಾರ್ಟ್ ಹೇಳಿ ಹೋಗುವುದು ಅದಕ್ಕೇ.

ಇನ್ನೊಂದು, ಲಿಂಡಾಳ ಹುಟ್ಟಿದ ದಿನಕ್ಕೆ ಅಲನ್ ಏನು ಕೊಡುತ್ತಾನೆ ನೋಡಿದಿರಾ? ಪ್ಲಾಸ್ಟಿಕ್‌ನ ಸ್ಕಂಕ್. ಗಬ್ಬು ನಾರುವ ಒಂದು ಪ್ರಾಣಿಯ ಗೊಂಬೆ! ಯಾವ ಬೋಗಾರ್ಟ್ ಅದನ್ನು ಕೊಡುತ್ತಾನೆ? ಅವಳಿಗೆ ಅದೇ ಹಿಡಿಸುತ್ತದೆ. ಅಂದರೆ ಅವಳು ಒಲಿದದ್ದು ಕಾಪಿಗಲ್ಲ, ಆ ಬಾಲಕ್ಕೆ.

ಬಿದರಿ ಹೂಜಿ, ಬೀದರ್

ಮಾಸ್ತರೇ, ಆ ಸ್ಕಂಕ್ ನನಗೂ ಇಷ್ಟ ಆಯಿತು. ನಮ್ಮವರು ಒಮ್ಮೆ ನನ್ನ ಹುಟ್ಟಿದ ದಿನಕ್ಕೆ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ತಂದಿದ್ದರು. ಬೇಕಾಗಿತ್ತು ನಿಜ.

ದರ್ಗಾ ರೋಡ್, ಕಲಬುರಗಿ

ಕಾಪಿ ಮಾತು ಬಂದಾಗ ‘ಗುಡ್ಡಿ’ ನೆನಪಾಯಿತು. 1971, ಹೃಷಿಕೇಶ್ ಮುಖರ್ಜಿ. ಶಾಲೆ ಹುಡುಗಿ ಜಯಾ ಭಾದುರಿ ಸಿನಿಮಾದ ಧರ್ಮೇಂದ್ರನನ್ನೇ ಗಂಡ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಆ ಹುಚ್ಚು ಬಿಡಿಸಲಿಕ್ಕೆ ಅವಳನ್ನು ಶೂಟಿಂಗಿಗೆ ಕರೆದುಕೊಂಡು ಹೋಗಿ ಬಣ್ಣದ ಹಿಂದಿನ ಬೆವರು ತೋರಿಸುತ್ತಾರೆ. ಧರ್ಮೇಂದ್ರನೇ ಕೈಜೋಡಿಸುತ್ತಾನೆ. ಅಲ್ಲಿ ಹೀರೊ ಸುಳ್ಳು ಅಂತ ತೋರಿಸಿ ಬಿಡಿಸಿದರು. ಇಲ್ಲಿ ಬೋಗಾರ್ಟನ್ನು ಯಾರೂ ಸುಳ್ಳು ಮಾಡುವುದಿಲ್ಲ. ಮರ್ಯಾದೆಯಿಂದ ಕಳಿಸಿಕೊಡುತ್ತಾರೆ. ಸಿನಿಮಾ ಪ್ರೀತಿ ಇರುವವರು ಮಾಡಿದ ಸಿನಿಮಾ ಅಂತ ಅದರಲ್ಲೇ ಗೊತ್ತಾಗುತ್ತದೆ.

ಪೈಪ್‌ಲೈನ್ ಪಾಟೀಲ

ಆ ನಿರ್ದೇಶಕನ ವೈಯಕ್ತಿಕ ವಿಷಯ ಗೊತ್ತಿದ್ದೂ ಇದನ್ನೆಲ್ಲ ಹೊಗಳುತ್ತೀರಾ?

ನಿರ್ವಾಹಕ

ಪಾಟೀಲರೇ, ಇದರ ನಿರ್ದೇಶಕ ಹರ್ಬರ್ಟ್ ರಾಸ್. ನೀವು ಹೇಳುತ್ತಿರುವುದು ಬರೆದವರ ಬಗ್ಗೆ. ಆ ಚರ್ಚೆ ಬೇಕಾದರೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ. ಇಲ್ಲಿ ಸದ್ಯ ಒಬ್ಬರ ಮನೆಯಲ್ಲಿ ಮಾತು ನಿಂತಿದೆ.

ಹಾಸ್ಟೆಲ್ ಹುಡುಗಿ

ಅಡತಿ ಅಣ್ಣ ನಾಪತ್ತೆ. ಮೂರು ದಿನ ಆಯಿತು.

ಶಹಾಪುರ ಎಕ್ಸ್‌ಪ್ರೆಸ್

ಅತ್ತಿಗೆ ಅವರನ್ನು ವಿಮಾನ ಹತ್ತಿಸಿರಬೇಕು.

ಅಡತಿ ಅಂಗಡಿ, ಕಲಬುರಗಿ

ಇದ್ದೇನೆ. ವರದಿ ಒಪ್ಪಿಸುತ್ತೇನೆ.

ಬೀದರಿನ ಅಕ್ಕ ಹೇಳಿದ ಪ್ರಶ್ನೆ ಕೇಳಿದೆ. ರೊಟ್ಟಿ ಬಡಿಯುತ್ತಿದ್ದಾಗ. ‘ನಿನಗೆ ಯಾವ ಹಳೇ ಸಿನಿಮಾ ಇಷ್ಟ?’ ಅಂತ. ಕೈ ನಿಲ್ಲಿಸಲಿಲ್ಲ. ಇನ್ನೂ ಎರಡು ರೊಟ್ಟಿ ಆದ ಮೇಲೆ ‘ಎರಡು ಕನಸು’ ಅಂದಳು. 1974, ದೊರೈ-ಭಗವಾನ್. ನಾನು ಸುಮ್ನಿರಬೇಕಿತ್ತು. ‘ಹೌದು, ರಾಜ್‌ಕುಮಾರ್ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಲ್ವಾ, ಹಳೇ ಪ್ರೀತಿ ಮರೆಯಲಾಗದೆ ಒದ್ದಾಡೋದು’ ಅಂದೆ. ‘ನಾನು ನೋಡಿದ್ದು ಕಲ್ಪನಾನ್ನ’ ಅಂದಳು. ‘ಗಂಡ ಮನೆಯಲ್ಲೇ ಇದ್ದಾನೆ, ಮನಸ್ಸು ಎಲ್ಲೋ ಇದೆ. ಅವಳು ದಿನಾ ಅದನ್ನ ನೋಡ್ತಾಳೆ.’ ಒಂದೇ ಸಿನಿಮಾ, ನಾನು ಒಬ್ಬರನ್ನು ನೋಡಿದ್ದೆ, ಅವಳು ಇನ್ನೊಬ್ಬರನ್ನು. ಮಾಸ್ತರ ಸರ್, ನಿಮ್ಮ ಆ ಟಾಕೀಸಿನ ಗೋಡೆ ನಮ್ಮ ಸೋಫಾ ಮೇಲೂ ಇತ್ತು ಅನಿಸಿತು.

ಆಮೇಲೆ ಅವಳೇ ‘ಆ ಕ್ಯಾಸಬ್ಲಾಂಕಾ ಅಂತ ಬಡ್ಕೋತಿರ್ತೀರಲ್ಲ, ಹಾಕಿ ನೋಡೋಣ, ಏನಿದೆ ಅದರಲ್ಲಿ’ ಅಂದಳು. ನಿನ್ನೆ ರಾತ್ರಿ ಹಾಕಿದೆ. ಫೋನ್ ತೆಗೆದುಕೊಂಡು ಹೋಗಿ ಫ್ರಿಜ್ ಮೇಲಿಟ್ಟೆ. ಎರಡು ಸಲ ಗುರ್ ಅಂತು. ಏಳಲಿಲ್ಲ. ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ ಹೇಳಲಿ.

ಕಪ್ಪು ಬಿಳುಪು ಅಂತ ಮೊದಲು ಮೂಗು ಮುರಿದಳು. ಅರ್ಧ ಗಂಟೆಗೆ ಮುಂದಕ್ಕೆ ಸರಿದು ಕೂತಳು. ಸ್ಯಾಮ್ ಹಾಡುವಾಗ ‘ಇವನು ನುಡಿಸ್ತಾ ಇಲ್ಲ, ಕೈ ನೋಡಿ’ ಅಂದಳು. ಮಾಸ್ತರ ಸರ್, ನಾನು ಹೇಳಿರಲಿಲ್ಲ, ಅವಳೇ ಕಂಡುಹಿಡಿದದ್ದು. ಇಪ್ಪತ್ತು ಸಲ ನೋಡಿದ ನನಗೆ ನೀವು ಹೇಳುವವರೆಗೆ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ ಬಂತು. ಮಂಜು ಬಂತು. ರಿಕ್ ಬಾಯಿ ತೆರೆದ.

ಕರೆಂಟ್ ಹೋಯಿತು.

ಏಪ್ರಿಲ್ ತಿಂಗಳ ಕಲಬುರಗಿ. ಒಳಗೆ ಕೂರಲಾಗುವುದಿಲ್ಲ. ಚಾಪೆ, ಹೂಜಿ ತೆಗೆದುಕೊಂಡು ಮಾಳಿಗೆ ಹತ್ತಿದೆವು. ‘ಆಮೇಲೆ ಏನಾಗುತ್ತೆ?’ ಅಂದಳು. ಇಷ್ಟು ವರ್ಷದಲ್ಲಿ ನನ್ನ ಸಿನಿಮಾ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ. ನನಗೆ ಆ ಮಾತುಗಳೆಲ್ಲ ಬಾಯಿಪಾಠ. ಎದ್ದು ನಿಂತು ಗಂಟಲು ಸರಿ ಮಾಡಿಕೊಂಡೆ.

‘ಕೂತ್ಕೊಳ್ಳಿ, ನೀವು ಹೇಳಬೇಡಿ’ ಅಂದಳು. ‘ಅವನೇ ಹೇಳಲಿ. ಕರೆಂಟ್ ಬರಲಿ.’

ನಿನ್ನೆ ರಾತ್ರಿ ಪೂರ್ತಿ ಬರಲಿಲ್ಲ. ಇವತ್ತು ಸಂಜೆ ಬಂತು, ಮುಂದಿನದು ಹಾಕಬೇಕು ಅನ್ನುವಷ್ಟರಲ್ಲಿ ಮತ್ತೆ ಹೋಯಿತು. ಈಗ ಮಾಳಿಗೆ ಮೇಲಿಂದಲೇ ಬರೆಯುತ್ತಿದ್ದೇನೆ. ಅವಳು ‘ಯಾರಿಗೆ ಅಷ್ಟುದ್ದ?’ ಅಂತ ಕೇಳುತ್ತಿದ್ದಾಳೆ. ಚಾರ್ಜ್ 6 ಪರ್ಸೆಂಟ್ ಇದೆ. ಇಡುತ್ತೇನೆ.

ಶಹಾಪುರ ಎಕ್ಸ್‌ಪ್ರೆಸ್

ಸೇಡಂ ಪಾರ್ಟಿ ನನಗೆ ಫೋನ್ ಮಾಡ್ತಿದ್ದಾರೆ ಅಣ್ಣಾ, ಏನು ಹೇಳಲಿ?